ಮನೆವಾರ್ತೆ: ಪಡೆದವರ ಕೈ, ಕೊಡುವವರ ಲೆಕ್ಕ



ಕನ್ನಡ ಬೈಬಲನ್ನು ಓದುವವರಿಗೆ ಚೆನ್ನಾಗಿ ಪರಿಚಯವಿರುವ, ಹೊರಗಿನ ಮಾತುಕತೆಯಲ್ಲಿ ಮಾತ್ರ ಈಗ ಅಪರೂಪವಾಗಿರುವ ಒಂದು ಪದದಿಂದ ಆರಂಭಿಸುತ್ತೇನೆ. ಆ ಪದ ‘ಮನೆವಾರ್ತೆ’. ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಐಶ್ವರ್ಯವಂತನಾದ ಯಜಮಾನನ ಮುಂದೆ ಲೆಕ್ಕ ಒಪ್ಪಿಸಬೇಕಾಗಿ ಬಂದವನನ್ನು ಮನೆವಾರ್ತೆಯವನು ಎಂದು ಕರೆದಿದೆ. ಪೇತ್ರನು ಬರೆದ ಮೊದಲನೆಯ ಪತ್ರಿಕೆ ಎಲ್ಲ ವಿಶ್ವಾಸಿಗಳನ್ನೂ ದೇವರ ಕೃಪೆಯ ಮನೆವಾರ್ತೆಯವರೆಂದು ಕರೆಯುತ್ತದೆ. ಮೂಲದ ಗ್ರೀಕ್ ಮಾತಿಗೆ ಮನೆಯ ವ್ಯವಹಾರ ನೋಡಿಕೊಳ್ಳುವವನು ಎಂದು ಅರ್ಥ. ನಮ್ಮ ಅನುವಾದಕರು ಅದಕ್ಕೆ ಆರಿಸಿಕೊಂಡ ಕನ್ನಡ ಪದ ಮೂಲಕ್ಕಿಂತಲೂ ಹೆಚ್ಚು ಹೇಳುತ್ತದೆ ಎಂದು ನನಗೆ ಅನ್ನಿಸುತ್ತದೆ.

‘ವಾರ್ತೆ’ ಎಂದರೆ ಇಂದು ನಮಗೆ ಸುದ್ದಿ. ಹಳೆಯ ಶಾಸ್ತ್ರಗಳಲ್ಲಿ ಹಾಗಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಕೃಷಿ, ಪಶುಪಾಲನೆ, ವ್ಯಾಪಾರ ಈ ಮೂರನ್ನೂ ಒಟ್ಟಾಗಿ ವಾರ್ತೆ ಎನ್ನುತ್ತದೆ. ಬದುಕನ್ನು ಹಿಡಿದು ನಿಲ್ಲಿಸುವ ದುಡಿಮೆಗೆಲ್ಲ ಅದೊಂದೇ ಹೆಸರು. ಆ ಹಳೆಯ ಅರ್ಥ ‘ಮನೆವಾರ್ತೆ’ಯಲ್ಲಿ ಉಳಿದುಕೊಂಡಿದೆ, ಹೊಸ ಅರ್ಥ ‘ಸುವಾರ್ತೆ’ಯಲ್ಲಿದೆ. ಒಂದೇ ಪದದ ಎರಡು ಕವಲುಗಳು ಕ್ರೈಸ್ತರ ಕನ್ನಡದಲ್ಲಿ ಹೀಗೆ ಅಕ್ಕಪಕ್ಕ ಬದುಕಿವೆ. ಸುವಾರ್ತೆಯನ್ನು ಕುರಿತು ನಮ್ಮ ಸಭೆಗಳಲ್ಲಿ ಪ್ರತಿ ಭಾನುವಾರವೂ ಮಾತು ನಡೆಯುತ್ತದೆ. ಮನೆವಾರ್ತೆಯ ಪ್ರಸ್ತಾಪ ಬರುವುದು ಹೆಚ್ಚಾಗಿ ಹಣದ ಅಗತ್ಯ ಬಿದ್ದಾಗ. ಚಾವಣಿ ಸೋರುತ್ತಿದೆ, ಸಭಾಪಾಲಕರ ಸಂಬಳ ಬಾಕಿಯಿದೆ, ಸುಗ್ಗಿ ಹಬ್ಬ ಹತ್ತಿರ ಬಂತು ಎಂದಾಗ ಅದು ನೆನಪಿಗೆ ಬರುತ್ತದೆ. ಅಗತ್ಯ ಬಿದ್ದಾಗ ಮಾತ್ರ ಆಡುವ ಮಾತು ವಸೂಲಿಯ ಧ್ವನಿ ಪಡೆಯುವುದು ಸಹಜ. ಇಂದಿನ ಉಪನ್ಯಾಸದಲ್ಲಿ ಆ ಧ್ವನಿಯಿಂದ ಈ ವಿಷಯವನ್ನು ಬಿಡಿಸಿ ನೋಡುವ ಪ್ರಯತ್ನ ಮಾಡುತ್ತೇನೆ.

ಮೊದಲು ಈ ಮನೆವಾರ್ತೆಯವನ ಸ್ಥಿತಿಯನ್ನು ನೋಡೋಣ. ಆ ಕಾಲದ ದೊಡ್ಡ ಮನೆಗಳಲ್ಲಿ ಅವನು ಹಲವು ವೇಳೆ ದಾಸನೇ ಆಗಿರುತ್ತಿದ್ದ. ಐಗುಪ್ತದಲ್ಲಿ ಪೋಟೀಫರನ ಮನೆಯ ಸಮಸ್ತವೂ ಯೋಸೇಫನ ಕೈಯಲ್ಲಿತ್ತು. ಆದರೂ ಯೋಸೇಫ ಕ್ರಯಕ್ಕೆ ಬಂದ ಆಳು. ಉಗ್ರಾಣದ ಬೀಗದ ಕೈ ಅವನದು, ಉಗ್ರಾಣ ಅವನದಲ್ಲ. ಲೂಕನ 12ನೆಯ ಅಧ್ಯಾಯದಲ್ಲಿ ಯೇಸು ನಂಬಿಗಸ್ತನಾದ ಮನೆವಾರ್ತೆಯವನ ಕೆಲಸವೇನೆಂದು ಹೇಳುವಾಗ ಕಾಪಾಡುವುದು, ಕೂಡಿಡುವುದು, ಬೆಳೆಸುವುದು ಇವು ಯಾವುದನ್ನೂ ಮೊದಲು ಹೇಳುವುದಿಲ್ಲ. ಮನೆಯವರಿಗೆ ಹೊತ್ತುಹೊತ್ತಿಗೆ ಅವರವರ ಪಾಲಿನ ಆಹಾರವನ್ನು ಅಳೆದು ಕೊಡುವುದೇ ಅವನ ನೇಮಕದ ಉದ್ದೇಶ. ಉಗ್ರಾಣ ಇರುವುದೇ ಹಂಚುವುದಕ್ಕೆ. ಇದೇ ಅಧ್ಯಾಯದಲ್ಲಿ ಸ್ವಲ್ಪ ಮೊದಲು ಇನ್ನೊಬ್ಬ ಮನುಷ್ಯ ಬರುತ್ತಾನೆ. ಬೆಳೆ ಹೆಚ್ಚಾಗಿ ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಿಸಬೇಕೆಂದು ಯೋಚಿಸಿದ ಐಶ್ವರ್ಯವಂತ ಅವನು. ಅವನು ಕಳ್ಳತನ ಮಾಡಲಿಲ್ಲ, ಯಾರಿಗೂ ಮೋಸ ಮಾಡಲಿಲ್ಲ. ಅವನ ಆಲೋಚನೆಯಲ್ಲೆಲ್ಲ ‘ನಾನು’, ‘ನನ್ನ’ ಎಂಬ ಮಾತುಗಳೇ ಇದ್ದವು, ಅಷ್ಟೆ. ತನ್ನನ್ನು ಒಡೆಯನೆಂದು ತಿಳಿದ ಮನೆವಾರ್ತೆಯವನು ಅವನು.

ಯಾಜಕಕಾಂಡದ 25ನೆಯ ಅಧ್ಯಾಯ ಇನ್ನೂ ನಿಷ್ಠುರವಾಗಿದೆ. ಭೂಮಿ ದೇವರದು, ಅದನ್ನು ಶಾಶ್ವತವಾಗಿ ಮಾರುವಂತಿಲ್ಲ, ಜನರು ಅಲ್ಲಿ ಬಿಡಾರ ಮಾಡಿರುವ ಪರಸ್ಥಳದವರು ಎನ್ನುತ್ತದೆ. ಗೇಣಿಯ ಕಷ್ಟವನ್ನು ಕಂಡ ನಮ್ಮ ನಾಡಿಗೆ, 1974ರ ಭೂಸುಧಾರಣೆಯ ಕಾನೂನಿನಿಂದ ಉಳುವವನಿಗೆ ಹಕ್ಕುಪತ್ರ ಬಂದ ನಾಡಿಗೆ, ದೇವರನ್ನು ಭೂಮಾಲೀಕನೆಂದೂ ಮನುಷ್ಯನನ್ನು ಒಕ್ಕಲೆಂದೂ ಹೇಳುವ ಮಾತು ಕಹಿಯಾಗಿ ಕೇಳಿಸೀತು. ಆ ಕಹಿ ನ್ಯಾಯವಾದದ್ದೆ. ಆದರೆ ಈ ಮಾಲೀಕನ ಕರಾರನ್ನು ಓದಿ ನೋಡಬೇಕು. ಹೊಲದ ಅಂಚನ್ನು ಕೊಯ್ಯದೆ ಬಿಡಬೇಕು. ಕೊಯ್ಯುವಾಗ ಉದುರಿದ ತೆನೆಯನ್ನು ಹೆಕ್ಕಬಾರದು, ಮರೆತುಬಂದ ಸಿವುಡಿಗಾಗಿ ಹಿಂತಿರುಗಿ ಹೋಗಬಾರದು. ಅವು ಬಡವನದು, ಪರದೇಶಿಯದು, ತಂದೆಯಿಲ್ಲದವನದು, ವಿಧವೆಯದು. 50ನೆಯ ವರುಷ, ಅಂದರೆ ಜೂಬಿಲಿ ಸಂವತ್ಸರದಲ್ಲಿ, ಕಷ್ಟಕ್ಕೆ ಮಾರಿಕೊಂಡ ಹೊಲ ಮೂಲದ ಕುಟುಂಬಕ್ಕೆ ಮರಳಬೇಕು. ಭೂಮಿ ತನ್ನದೆಂದು ದೇವರು ಹೇಳುವುದು ಬಡವನ ಕೈಯಿಂದ ಅದು ತಪ್ಪಿಹೋಗದಿರಲಿ ಎಂಬುದಕ್ಕೆ. ಮೋವಾಬಿನಿಂದ ಬಂದ ರೂತಳು ಬೆತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯ್ದದ್ದು ಈ ಕಟ್ಟಳೆಯ ಆಸರೆಯಲ್ಲಿ. ‘ಹಕ್ಕಲು’ ಎಂಬ ಪದ ಇಂದಿನ ನಗರದ ಮಕ್ಕಳಿಗೆ ತಿಳಿಯದು. ಹಳ್ಳಿಯಲ್ಲಿ ಬೆಳೆದವರಿಗೆ ಶೇಂಗಾ ಕಿತ್ತ ಹೊಲ, ಭತ್ತ ಕೊಯ್ದ ಗದ್ದೆ ಕಣ್ಣಮುಂದೆ ಬಂದೀತು. ಗಮನಿಸಬೇಕಾದದ್ದೇನೆಂದರೆ, ಅಲ್ಲಿ ಕೊಡುವವನು ದಾನ ಮಾಡುತ್ತಿಲ್ಲ. ತನ್ನದಲ್ಲದ್ದನ್ನು ಮುಟ್ಟದೆ ಬಿಡುತ್ತಿದ್ದಾನೆ.

ಮನೆವಾರ್ತೆಯ ಅರ್ಧ ಇದು. ಉಳಿದ ಅರ್ಧ ಕೃತಜ್ಞತೆ. ಅದಕ್ಕೆ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8 ಮತ್ತು 9ನೆಯ ಅಧ್ಯಾಯಗಳ ಬಳಿ ಹೆಚ್ಚು ಹೊತ್ತು ನಿಲ್ಲಬೇಕು. ಹೊಸ ಒಡಂಬಡಿಕೆಯಲ್ಲಿ ಹಣದ ವಿಷಯವಾಗಿ ಇಷ್ಟು ವಿಸ್ತಾರವಾಗಿ ಬರೆದದ್ದು ಬೇರೆಲ್ಲೂ ಇಲ್ಲ. ಸಂದರ್ಭ ಇದು: ಯೆರೂಸಲೇಮಿನ ವಿಶ್ವಾಸಿಗಳು ಬಡತನದಲ್ಲಿದ್ದರು. ಪೌಲನು ತಾನು ಸ್ಥಾಪಿಸಿದ ಅನ್ಯಜನಾಂಗದ ಸಭೆಗಳಿಂದ ಅವರಿಗಾಗಿ ಹಣ ಕೂಡಿಸುತ್ತಿದ್ದ. ಕೊರಿಂಥ ಬಂದರುಗಳ ನಡುವಿನ ಅನುಕೂಲಸ್ಥ ಪಟ್ಟಣ. ಉತ್ಸಾಹದಿಂದ ಒಪ್ಪಿಕೊಂಡ ಆ ಸಭೆ ಆಮೇಲೆ ನಿಧಾನ ಮಾಡಿತು. ಪೌಲ ಅವರನ್ನು ಎಚ್ಚರಿಸಬೇಕಾಗಿತ್ತು.

ಅವನು ಕಟ್ಟಳೆಯನ್ನು ಎತ್ತಿ ತೋರಿಸುವುದಿಲ್ಲ. ಈ ಎರಡು ಅಧ್ಯಾಯಗಳಲ್ಲಿ ದಶಮಾಂಶದ ಹೆಸರೇ ಇಲ್ಲ. ಬದಲಿಗೆ ‘ಖಾರಿಸ್’ ಎಂಬ ಗ್ರೀಕ್ ಪದ 10 ಸಲ ಬರುತ್ತದೆ. ಆ ಪದಕ್ಕೆ ಕೃಪೆ ಎಂದೂ ಅರ್ಥ, ಕೃಪೆಯಿಂದ ಮಾಡುವ ಉಪಕಾರವೆಂದೂ ಅರ್ಥ, ಉಪಕಾರಕ್ಕೆ ಸಲ್ಲಿಸುವ ಸ್ತೋತ್ರವೆಂದೂ ಅರ್ಥ. ಮಕೆದೋನ್ಯದ ಸಭೆಗಳಿಗೆ ದೇವರು ಕೊಟ್ಟದ್ದು ಖಾರಿಸ್. ಅವರು ಯೆರೂಸಲೇಮಿಗೆ ಕಳುಹಿಸಿದ ಹಣವೂ ಖಾರಿಸ್. ಕ್ರಿಸ್ತನು ಐಶ್ವರ್ಯವಂತನಾಗಿದ್ದರೂ ನಮಗಾಗಿ ಬಡವನಾದದ್ದು ಖಾರಿಸ್. ಕೊನೆಯಲ್ಲಿ ದೇವರಿಗೆ ಸಲ್ಲುವ ವಂದನೆಯೂ ಅದೇ. ಕನ್ನಡದಲ್ಲಿ ಓದುವಾಗ ಸಂದರ್ಭಕ್ಕೆ ತಕ್ಕಂತೆ ಬೇರೆಬೇರೆ ಮಾತುಗಳು ಬರುವುದರಿಂದ ಈ ಸುತ್ತು ನಮಗೆ ಕಾಣದೆ ಹೋಗುತ್ತದೆ. ಮೇಲಿನಿಂದ ಇಳಿದ ನೀರು ಕೆರೆಯಿಂದ ಕೆರೆಗೆ ಕೋಡಿ ಹರಿದು ಹೋಗುವಂತೆ ಒಂದೇ ಕೃಪೆ ಕೈಯಿಂದ ಕೈಗೆ ದಾಟುತ್ತಿದೆ. ಕೊಡುವವನು ಈ ಹರಿವಿನ ಮೂಲ ತಾನೆಂದು ತಿಳಿಯಲಾರ. ಪಡೆಯುವವನು ಅವನ ಮುಂದೆ ತಲೆ ತಗ್ಗಿಸಬೇಕಾಗಿಯೂ ಇಲ್ಲ.

ಮಕೆದೋನ್ಯದವರ ಉದಾಹರಣೆಯಲ್ಲಿ ಇನ್ನೊಂದು ಅಂಶವಿದೆ. ಅವರು ಕಡುಬಡವರು. ಸಂಕಟದಲ್ಲಿದ್ದವರು. ಪೌಲನೇ ಅವರನ್ನು ಕೇಳಲು ಹಿಂಜರಿದಿರಬೇಕು ಎನ್ನುವಂತಿದೆ ಆ ಬರವಣಿಗೆ. ತಮಗೂ ಪಾಲು ಕೊಡಬೇಕೆಂದು ಬೇಡಿಕೊಂಡವರು ಅವರೇ. ಉದಾರತೆ ಸಂಪತ್ತಿನ ಹಿಂದೆ ಬರುವ ಗುಣವೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಸಾಲ ತೀರಲಿ, ಮನೆ ಕಟ್ಟಿ ಮುಗಿಯಲಿ, ಮಗಳ ಮದುವೆಯಾಗಲಿ, ಆಮೇಲೆ ಕೊಡೋಣ. ಪೌಲ ತೋರಿಸುವ ಕ್ರಮದಲ್ಲಿ ಅವರು ಮೊದಲು ತಮ್ಮನ್ನು ಕರ್ತನಿಗೆ ಒಪ್ಪಿಸಿಕೊಂಡರು, ಹಣ ಅದರ ಹಿಂದೆ ಬಂತು. ಹಾಗೆಂದು ಅವನು ಯಾರ ಮೇಲೂ ಮಿತಿಮೀರಿದ ಭಾರ ಹೊರಿಸುವುದಿಲ್ಲ. ಇದ್ದುದಕ್ಕೆ ತಕ್ಕಂತೆ ಕೊಟ್ಟರೆ ಅದು ಸಮರ್ಪಕ, ಇಲ್ಲದ್ದನ್ನು ಯಾರೂ ಕೇಳುತ್ತಿಲ್ಲ ಎನ್ನುತ್ತಾನೆ. ಆಮೇಲೆ ಅರಣ್ಯದ ಮನ್ನವನ್ನು ನೆನಪಿಸುತ್ತಾನೆ. ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮರುದಿನಕ್ಕೆಂದು ಅಡಗಿಸಿಟ್ಟದ್ದು ಹುಳಬಿದ್ದು ನಾರಿತು. ಪೌಲನ ಗುರಿ ಸಮಾನತೆ. ಆ ಪದವನ್ನೇ ಅವನು ಬಳಸುತ್ತಾನೆ. ಈ ಮಾತನ್ನು ನಮ್ಮ ಸಭೆಗಳು ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲವೆಂಬುದು ನನ್ನ ನೋವು.

ಈ ಹರಿವನ್ನು ತಿರುಗುಮುರುಗು ಮಾಡುವ ಬೋಧನೆಯೊಂದು ಈಚಿನ ದಶಕಗಳಲ್ಲಿ ಬಲವಾಗಿದೆ. ಕೊಟ್ಟರೆ ಬರುತ್ತದೆ, ಹೆಚ್ಚು ಕೊಟ್ಟರೆ ಹೆಚ್ಚು ಬರುತ್ತದೆ, ಬಿತ್ತಿದ ನೋಟು ನೂರ್ಮಡಿಯಾಗಿ ಮರಳುತ್ತದೆ ಎನ್ನುವ ಬೋಧನೆ ಅದು. ಮಲಾಕಿಯನ 3ನೆಯ ಅಧ್ಯಾಯ ಅದರ ಮುಖ್ಯ ಆಧಾರ. ದಶಮಾಂಶವನ್ನು ಪೂರ್ತಿಯಾಗಿ ಉಗ್ರಾಣಕ್ಕೆ ತಂದರೆ ಆಕಾಶದ ದ್ವಾರಗಳು ತೆರೆಯುತ್ತವೆ ಎಂಬ ವಾಗ್ದಾನ ಅಲ್ಲಿದೆ, ನಿಜ. ಅದೇ ಕಾಲಘಟ್ಟದ ನೆಹೆಮೀಯನ 13ನೆಯ ಅಧ್ಯಾಯವನ್ನು ಜೊತೆಗಿಟ್ಟು ಓದಿದರೆ ಆ ಉಗ್ರಾಣ ಏಕೆ ಬೇಕಾಗಿತ್ತೆಂದು ತಿಳಿಯುತ್ತದೆ. ಜನರು ಪಾಲು ಕೊಡದೆ ಹೋದದ್ದರಿಂದ ಲೇವಿಯರೂ ಗಾಯಕರೂ ಆಲಯ ಬಿಟ್ಟು ತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ಉಗ್ರಾಣ ಖಾಲಿಯೆಂದರೆ ಯಾರದೋ ತಟ್ಟೆ ಖಾಲಿ. ಮಲಾಕಿಯನೇ ಅದೇ ಅಧ್ಯಾಯದಲ್ಲಿ ಕೂಲಿಯವನ ಕೂಲಿ ಹಿಡಿಯುವವರನ್ನೂ ವಿಧವೆ ಅನಾಥರನ್ನು ಹಿಂಸಿಸುವವರನ್ನೂ ಪರದೇಶಿಯ ನ್ಯಾಯ ತಪ್ಪಿಸುವವರನ್ನೂ ಖಂಡಿಸುತ್ತಾನೆ. ಆ ವಚನಗಳನ್ನು ಬಿಟ್ಟು ಒಂದೇ ವಚನವನ್ನು ಲಾಭದ ಕರಾರಾಗಿ ಓದುವುದು ಪ್ರವಾದಿಗೆ ಮಾಡುವ ಅನ್ಯಾಯ. ಕಷ್ಟದಲ್ಲಿರುವ ಮನೆಗಳಿಂದ, ಕಾಯಿಲೆಯವರಿಂದ, ಕೆಲಸ ಹೋದವರಿಂದ ಹೀಗೆ ಹಣ ಪಡೆಯುವುದನ್ನು ನಾನು ಕ್ರೌರ್ಯವೆಂದೇ ಕರೆಯುತ್ತೇನೆ. ಆಶೀರ್ವಾದವನ್ನು ಕೊಳ್ಳಲು ಬರುವುದಾದರೆ ಅದಕ್ಕೆ ಕೃಪೆ ಎಂಬ ಹೆಸರು ಏಕೆ?

ದಶಮಾಂಶದ ಪ್ರಶ್ನೆಗೆ ಇಲ್ಲಿಯೇ ಬರಬಹುದು. ಹತ್ತರಲ್ಲಿ ಒಂದು ಎಂಬುದು ಕಡ್ಡಾಯವೆ? ಮೋಶೆಯ ಧರ್ಮಶಾಸ್ತ್ರದ ದಶಮಾಂಶ ನಾವು ಎಣಿಸಿದಷ್ಟು ಸರಳವಲ್ಲ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದ ಪ್ರಕಾರ ಅದರ ಒಂದು ಭಾಗವನ್ನು ಆರಾಧನಾ ಸ್ಥಳಕ್ಕೆ ಒಯ್ದು ಮನೆಮಂದಿಯೊಂದಿಗೆ ಅಲ್ಲೇ ಊಟಮಾಡಿ ಸಂತೋಷಪಡಬೇಕು. ಮೂರನೆಯ ವರುಷದ ಪಾಲು ಊರಿನಲ್ಲೇ ಉಳಿದು ಲೇವಿಯನಿಗೂ ಪರದೇಶಿಗೂ ಅನಾಥನಿಗೂ ವಿಧವೆಗೂ ಸಲ್ಲಬೇಕು. ಯೇಸು ಫರಿಸಾಯರನ್ನು ಗದರಿಸಿದ್ದು ಅವರು ಮರುಗಪತ್ರೆ ಜೀರಿಗೆಗಳ ಹತ್ತನೆಯ ಪಾಲನ್ನು ಎಣಿಸುತ್ತ ನ್ಯಾಯ, ಕರುಣೆಗಳನ್ನು ಬಿಟ್ಟದ್ದಕ್ಕೆ. ಎಣಿಸಿದ್ದನ್ನು ಅವನು ತಪ್ಪೆನ್ನಲಿಲ್ಲ. ನನ್ನ ಅಭಿಪ್ರಾಯ ಹೀಗಿದೆ: ಕೈತುಂಬ ಸಂಬಳವಿರುವ ಕುಟುಂಬಕ್ಕೆ ಹತ್ತರಲ್ಲಿ ಒಂದು ಎಂಬುದು ಆರಂಭದ ಮೆಟ್ಟಿಲು, ಅಲ್ಲಿಗೇ ನಿಂತರೆ ಅದು ಜಿಪುಣತನ. ದಿನಗೂಲಿಯ ಮನೆಗೆ ಅದನ್ನೇ ಕಂದಾಯದಂತೆ ಹೇರಿದರೆ ಅದು ಅನ್ಯಾಯ. ಒಂದೇ ಅಳತೆ ಇಬ್ಬರಿಗೂ ಒಂದೇ ತೂಕವಾಗುವುದಿಲ್ಲ.

ಬಡ ವಿಧವೆಯ ಎರಡು ಕಾಸಿನ ಪ್ರಸಂಗವನ್ನು ಎಷ್ಟೋ ಸಲ ಕೇಳಿದ್ದೇವೆ. ಆ ಎರಡು ಕಾಸಿನ ಬೆಲೆಯನ್ನು ಆ ಕಾಲದ ನಾಣ್ಯಗಳ ಲೆಕ್ಕದಲ್ಲಿ ಹಿಡಿದರೆ ಕೂಲಿಯಾಳಿನ ಒಂದು ದಿನದ ಸಂಬಳದ 64ನೆಯ ಒಂದು ಭಾಗ. ಅವಳ ಬಳಿ ಇದ್ದದ್ದೇ ಅಷ್ಟು. ಕೊಟ್ಟದ್ದನ್ನು ನೋಡದೆ ಕೊಟ್ಟ ಮೇಲೆ ಏನು ಉಳಿಯಿತೆಂದು ಯೇಸು ನೋಡಿದ. ಐಶ್ವರ್ಯವಂತರ ಬಳಿ ಬಹಳ ಉಳಿಯಿತು, ಅವಳ ಬಳಿ ಏನೂ ಉಳಿಯಲಿಲ್ಲ. ಇಷ್ಟನ್ನು ಎಲ್ಲ ಬೋಧಕರೂ ಹೇಳುತ್ತಾರೆ. ಮಾರ್ಕನ ಸುವಾರ್ತೆಯಲ್ಲಿ ಇದರ ಹಿಂದಿನ ವಚನವೇ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ವಿಷಯವಾಗಿದೆ ಎಂಬುದನ್ನು ಮಾತ್ರ ಹೇಳುವವರು ಕಡಿಮೆ. ಮುಂದಿನ ಅಧ್ಯಾಯದ ಆರಂಭದಲ್ಲಿ ಶಿಷ್ಯರು ದೇವಾಲಯದ ಭಾರಿ ಕಲ್ಲುಗಳನ್ನು ತೋರಿಸುತ್ತಾರೆ, ಕಲ್ಲಿನ ಮೇಲೆ ಕಲ್ಲು ಉಳಿಯದೆಂದು ಯೇಸು ಹೇಳುತ್ತಾನೆ. ನಡುವೆ ನಿಂತಿದ್ದಾಳೆ ಈ ಹೆಂಗಸು. ಅವಳ ಕೊಡುಗೆಯನ್ನು ಮೆಚ್ಚುವ ಸಭೆಗೆ ಅವಳ ರಾತ್ರಿಯ ಊಟದ ಚಿಂತೆಯೂ ಇರಬೇಕು.

ಹಾಗಾದರೆ ಬಡವರಿಂದ ಏನನ್ನೂ ಪಡೆಯಬಾರದೆ? ಇಲ್ಲಿ ಬಿಷಪ್ ವಿ. ಎಸ್. ಅಜರಯ್ಯನವರ ಅನುಭವ ನಮಗೆ ಬೇಕು. ತಿರುನಲ್ವೇಲಿ ಸೀಮೆಯಲ್ಲಿ 1874ರಲ್ಲಿ ಹುಟ್ಟಿದ ಅವರು 1903ರಲ್ಲಿ ಅಲ್ಲಿಯೇ ಭಾರತೀಯರ ಹಣದಿಂದ, ಭಾರತೀಯರ ಆಡಳಿತದಲ್ಲಿ ನಡೆಯುವ ಮಿಷನರಿ ಸಂಘದ ಸ್ಥಾಪನೆಗೆ ಮುಂದಾದವರು. 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆಗಿ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಎನಿಸಿದರು. ಈಗಿನ ತೆಲಂಗಾಣದಲ್ಲಿರುವ ದೋರ್ನಕಲ್ಲಿನ ಸುತ್ತ ಅವರ ಸಭೆಯ ಬಹುಪಾಲು ಜನರು ಭೂಮಿಯಿಲ್ಲದ ದಲಿತ ಕೂಲಿಕಾರರು. ಇವರಿಂದ ಕಾಣಿಕೆ ಕೇಳಬೇಡಿ ಎಂದು ಕನಿಕರಪಡುವವರಿಗೆ ಅಜರಯ್ಯನವರ ಉತ್ತರ ನೇರವಾಗಿತ್ತು. ಸದಾ ಪಡೆಯುವವನಾಗಿಯೇ ಉಳಿದವನು ಎಂದಿಗೂ ನೆಟ್ಟಗೆ ನಿಲ್ಲಲಾರ. ಕೊಡುವ ಹಕ್ಕನ್ನು ಬಡವನಿಂದ ಕಿತ್ತುಕೊಳ್ಳುವುದು ಇನ್ನೊಂದು ಬಗೆಯ ಅವಮಾನ. ಕ್ರೈಸ್ತರ ಕೊಡುಗೆಯನ್ನು ಕುರಿತು ಅವರು ಒಂದು ಪುಸ್ತಕವನ್ನೇ ಬರೆದರು. ವಿಧವೆಯ ಪ್ರಸಂಗ ಕೊಡುವ ಎಚ್ಚರಿಕೆಯೂ ಅಜರಯ್ಯನವರ ಈ ನಿಲುವೂ ಒಂದನ್ನೊಂದು ಎಳೆಯುತ್ತವೆ. ಎರಡನ್ನೂ ಕೈಬಿಡಲಾಗದು. ಬಡವನ ಕಾಣಿಕೆಯನ್ನು ಗೌರವದಿಂದ ಪಡೆಯುವ ಸಭೆ ಅವನ ಹೊಟ್ಟೆಗೂ ಹೊಣೆಯಾಗುತ್ತದೆ. ಹಾಗೆ ಹೊಣೆಯಾಗದಿದ್ದರೆ ಪಡೆಯುವ ಯೋಗ್ಯತೆಯೂ ಅದಕ್ಕಿಲ್ಲ.

ಕೊಡುವ ಹಕ್ಕನ್ನು ಅಡುಗೆಮನೆಗೆ ತಂದ ಪದ್ಧತಿ ಹಿಡಿಯಕ್ಕಿಯದು. ಮಿಜೋರಾಮಿನಲ್ಲಿ ಇದಕ್ಕೆ ‘ಬುಹ್‌ಫಾಯ್ ಥಾಮ್’ ಎನ್ನುತ್ತಾರೆ. 1910ರಲ್ಲಿ ಆರಂಭವಾದದ್ದು ಇಂದಿಗೂ ನಡೆದಿದೆ. ಪ್ರತಿ ಹೊತ್ತಿನ ಅಡುಗೆಗೆ ಅಕ್ಕಿ ಅಳೆಯುವಾಗ ಮನೆಯಾಕೆ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾಳೆ. ಸಭೆಯ ಹೆಂಗಸರು ಮನೆಮನೆಯಿಂದ ಅದನ್ನು ಕೂಡಿಸುತ್ತಾರೆ. ಅಕ್ಕಿಯನ್ನು ಮಾರಿ ಬಂದ ಹಣ ಸಭೆಯ ಸೇವೆಗೆ, ದೂರದ ಊರುಗಳಿಗೆ ಹೋದ ಸೇವಕರ ವೆಚ್ಚಕ್ಕೆ ಸಲ್ಲುತ್ತದೆ. ಹಣ ಕೈಗೆ ಸಿಗದ ಹೆಂಗಸರು ತಮ್ಮ ಅಧಿಕಾರವಿದ್ದ ಒಂದೇ ಉಗ್ರಾಣದಿಂದ, ಅಂದರೆ ಅಕ್ಕಿಯ ಡಬ್ಬಿಯಿಂದ, ಒಂದು ಸಭೆಯನ್ನು ಕಟ್ಟಿದರು. ಒಂದು ಹಿಡಿ ಕಡಿಮೆಯಾದರೆ ಯಾರೂ ಉಪವಾಸವಿರುವುದಿಲ್ಲ. ಆದರೆ ದಿನಕ್ಕೆ ಎರಡು ಹೊತ್ತು ಕೈ ಆ ಪಾತ್ರೆಯ ಕಡೆಗೆ ಹೋಗಲೇಬೇಕು. ಒಮ್ಮೆ ದೊಡ್ಡ ಮೊತ್ತ ಕೊಟ್ಟು ವರ್ಷವೆಲ್ಲ ಮರೆಯುವ ಅನುಕೂಲ ಇಲ್ಲಿ ಇಲ್ಲ. ಮುಷ್ಟಿಅಕ್ಕಿ ಎತ್ತಿ ಅನ್ನಸಂತರ್ಪಣೆ ನಡೆಸಿದ, ವಿದ್ಯಾರ್ಥಿನಿಲಯ ನಡೆಸಿದ ನಮ್ಮ ನಾಡಿನವರಿಗೆ ಇದು ಅಪರಿಚಿತವಲ್ಲ.

ಸಣ್ಣ ಕೊಡುಗೆಗಳ ಋಣ ಕನ್ನಡಿಗರ ಮೇಲೂ ಇದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದೂ ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿ ಎಲ್ಲರೂ ಬಲ್ಲ ವಿಷಯ. ಆ ಮಿಷನ್ನಿಗೆ ಹಣ ಎಲ್ಲಿಂದ ಬರುತ್ತಿತ್ತು ಎಂದು ಕೇಳುವವರು ಅಪರೂಪ. 1855ರಲ್ಲಿ ಬಾಸೆಲ್ಲಿನ ಕಾರ್ಲ್ ಸರಾಸಿನ್ ಎಂಬ ವರ್ತಕರ ಮುಂದಾಳುತನದಲ್ಲಿ ‘ಅರ್ಧ ಬಾಟ್ಸನ್’ ಸಂಗ್ರಹ ಎಂಬುದು ಶುರುವಾಯಿತು. ಬಾಟ್ಸನ್ ಸ್ವಿಟ್ಜರ್ಲೆಂಡಿನ ಹಳೆಯ ಚಿಲ್ಲರೆ ನಾಣ್ಯ. ಅದರ ಅರ್ಧದಷ್ಟನ್ನು ವಾರಕ್ಕೊಮ್ಮೆ ಕೊಡುವುದೇ ಯೋಜನೆ. ಕಾರ್ಖಾನೆಯ ಕೆಲಸಗಾರರು, ರೈತರು, ಮನೆಗೆಲಸದ ಹೆಂಗಸರು ಯಾರೂ ಕೊಡಬಹುದಾದಷ್ಟು ಸಣ್ಣದು. ಮಂಗಳೂರನ್ನು ಕಣ್ಣಿನಿಂದ ಕಾಣದ, ಕನ್ನಡವೆಂಬ ಭಾಷೆಯನ್ನು ಕಿವಿಯಿಂದ ಕೇಳದ ಜನರ ವಾರದ ಚಿಲ್ಲರೆಯ ಒಂದು ಪಾಲು ನಮ್ಮ ಶಾಲೆಗಳ, ಅಚ್ಚುಕೂಟದ ಹಿಂದೆ ಇದೆ. ಕಿಟ್ಟೆಲರ ನಿಘಂಟನ್ನು ತೆರೆಯುವಾಗ ನನಗೆ ಆ ನಾಣ್ಯಗಳ ನೆನಪಾಗುತ್ತದೆ.

ಅದೇ ಮಿಷನ್ನಿನ ಇತಿಹಾಸದಲ್ಲಿ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹೆಸರು ಬರುತ್ತದೆ. ನೀಲಗಿರಿಯಲ್ಲಿ ನೆಲೆಸಿದ್ದ ಅವರ ಹಣದ ನೆರವಿನಿಂದ ಹರ್ಮನ್ ಮೋಗ್ಲಿಂಗ್ ಅವರು ಹಳೆಯ ಕನ್ನಡ ಕೃತಿಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಹೀಗೆ ಮುದ್ರಣ ಕಂಡವು. ಕೊಟ್ಟವರು ಕ್ರೈಸ್ತರು, ಕೃತಿಗಳು ವೈಷ್ಣವರವು, ವೀರಶೈವರವು. ತನ್ನ ಗುಂಪಿಗೆ ಮಾತ್ರ ಕೊಡುವ ಕೈಯನ್ನು ಉದಾರವೆನ್ನಲು ನನಗೆ ಹಿಂಜರಿಕೆ. ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತಧರ್ಮವನ್ನು ವಿರೋಧಿಸಿದ ರೋಮ್ ಚಕ್ರವರ್ತಿ ಜೂಲಿಯನ್ ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಗಲಿಲಾಯದವರು, ಅಂದರೆ ಕ್ರೈಸ್ತರು, ತಮ್ಮ ಬಡವರನ್ನಷ್ಟೇ ಅಲ್ಲದೆ ನಮ್ಮ ಬಡವರನ್ನೂ ಸಾಕುತ್ತಾರೆಂದು ಕೊರಗಿದ್ದಾನೆ. ವಿರೋಧಿಯ ಬಾಯಿಂದ ಬಂದ ಈ ಸಾಕ್ಷ್ಯ ಯಾವ ಹೊಗಳಿಕೆಗಿಂತಲೂ ಬೆಲೆಯುಳ್ಳದ್ದು.

ಕನ್ನಡದಲ್ಲಿ ಈ ವಿಷಯವನ್ನು ಮಾತನಾಡುವಾಗ ದಾಸೋಹವನ್ನು ನೆನೆಯದೆ ಮುಂದೆ ಹೋಗುವುದು ಸಾಧ್ಯವಿಲ್ಲ. ಹನ್ನೆರಡನೆಯ ಶತಮಾನದ ಶರಣರು ದಾನದಲ್ಲಿರುವ ಮೇಲುಕೀಳನ್ನು ಗುರುತಿಸಿ, ಕೊಡುವವನೇ ದಾಸನೆನ್ನುವ ಭಾವವನ್ನು ಮುಂದಿಟ್ಟರು. ಕಾಯಕದಿಂದ ಬಂದದ್ದನ್ನು ಜಂಗಮಕ್ಕೆ ಒಪ್ಪಿಸುವಾಗ ಕೊಟ್ಟೆನೆಂಬ ಅಹಂಕಾರಕ್ಕೆ ಎಡೆಯಿಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡಲೆಂದ ಯೇಸುವಿನ ಮಾತಿಗೂ ಇದಕ್ಕೂ ಹತ್ತಿರದ ನಂಟಿದೆ. ಎರಡು ಪರಂಪರೆಗಳ ತತ್ತ್ವದ ನೆಲೆ ಬೇರೆ, ಅವನ್ನು ಒಂದೇ ಎನ್ನುವ ಅವಸರ ನನಗಿಲ್ಲ. ಆದರೂ ದಾಸೋಹವನ್ನು ಕಂಡು ಬೆಳೆದ ನಾಡಿನ ಕ್ರೈಸ್ತನಿಗೆ ಪೌಲನ ಖಾರಿಸ್ ಬೇಗ ಅರ್ಥವಾಗಬೇಕು.

ಇನ್ನು ಲೆಕ್ಕದ ಮಾತು. ಮನೆವಾರ್ತೆಯ ಉಪನ್ಯಾಸಗಳು ಹೆಚ್ಚಾಗಿ ಕೊಡುವವರನ್ನು ಉದ್ದೇಶಿಸಿ ನಡೆಯುತ್ತವೆ, ಪಡೆದು ಇಟ್ಟುಕೊಂಡವರನ್ನು ಉದ್ದೇಶಿಸಿ ನಡೆಯುವುದಿಲ್ಲ. ಪೌಲ ಹಾಗೆ ಮಾಡಲಿಲ್ಲ. ಸಂಗ್ರಹದ ಹಣವನ್ನು ಒಬ್ಬನೇ ಒಯ್ಯಲಿಲ್ಲ. ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರರನ್ನು ಕಳುಹಿಸಿದ. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ವ್ಯವಹಾರ ಶುದ್ಧವಾಗಿ ಕಾಣಬೇಕೆಂದು ಕಾರಣ ಕೊಟ್ಟ. ಅಪೊಸ್ತಲನಿಗೇ ಸಾಕ್ಷಿಗಳು ಬೇಕಾಗಿದ್ದರೆ ನಮ್ಮ ಖಜಾಂಚಿಗಳಿಗೆ ಬೇಡವೆ? ಸುಮಾರು 197ರಲ್ಲಿ ಉತ್ತರ ಆಫ್ರಿಕದ ತೆರ್ತುಲ್ಲಿಯನ್ ತನ್ನ ಕಾಲದ ಸಭೆಯ ಪೆಟ್ಟಿಗೆಯ ವಿಷಯ ಬರೆದಿದ್ದಾನೆ. ತಿಂಗಳಿಗೊಮ್ಮೆ ಮನಸ್ಸಿದ್ದವರು, ಶಕ್ತಿಯಿದ್ದವರು ಕೊಡುತ್ತಿದ್ದರು, ಬಲವಂತವಿರಲಿಲ್ಲ. ಆ ಹಣ ಔತಣಗಳಿಗೆ ಹೋಗುತ್ತಿರಲಿಲ್ಲ. ಬಡವರ ಊಟಕ್ಕೆ, ಅವರ ಶವಸಂಸ್ಕಾರಕ್ಕೆ, ತಂದೆತಾಯಿಯಿಲ್ಲದ ಮಕ್ಕಳಿಗೆ, ದುಡಿಯಲಾರದ ಮುದಿ ದಾಸರಿಗೆ, ಹಡಗೊಡೆದು ಬಂದವರಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತಿತ್ತು. ಎಂಥ ಸ್ಪಷ್ಟವಾದ ಖರ್ಚಿನ ಪಟ್ಟಿ!

ಇಂಥ ಕೊಡುಗೆಗೆ ನಾವು ಬಳಸುವ ‘ದತ್ತಿ’ ಎಂಬ ಪದವೇ ಇಲ್ಲಿ ನಮಗೆ ಪಾಠ ಹೇಳುತ್ತದೆ. ಕರ್ನಾಟಕದ ಶಾಸನಗಳಲ್ಲಿ ದತ್ತಿ ಕೊಟ್ಟ ವಿವರ ಮುಗಿದ ಮೇಲೆ ಸಾಮಾನ್ಯವಾಗಿ ಒಂದು ಸಂಸ್ಕೃತ ಶ್ಲೋಕ ಬರುತ್ತದೆ. ತಾನು ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡುವುದರಲ್ಲಿ ಇಮ್ಮಡಿ ಪುಣ್ಯವೆಂಬುದು ಅದರ ಭಾವ. ಕೊಟ್ಟದ್ದನ್ನು ಅಪಹರಿಸುವವನಿಗೆ ಘೋರ ಶಾಪವೂ ಇರುತ್ತದೆ. ಕಲ್ಲಿನಲ್ಲಿ ಹೀಗೆ ಕೊರೆಸಿದವರಿಗೆ ಮನುಷ್ಯರ ಸ್ವಭಾವ ಚೆನ್ನಾಗಿ ತಿಳಿದಿತ್ತು. ನಮ್ಮ ಸಭೆಗಳ ಬಳಿ ಹಿಂದಿನವರು ಬಿಟ್ಟುಹೋದ ಜಮೀನು, ಶಾಲೆ, ಆಸ್ಪತ್ರೆ, ಸ್ಮಶಾನಗಳಿವೆ. ಅವು ಆಯಾ ಕಾಲದ ಪದಾಧಿಕಾರಿಗಳ ಸೊತ್ತಲ್ಲ, ಬೆಲೆ ಏರಿದಾಗ ಕರಗಿಸಬಹುದಾದ ಬಂಗಾರವೂ ಅಲ್ಲ. ಹೆಸರು ಕೂಡ ಉಳಿಯದ ಎಷ್ಟೋ ಜನರ ಅರ್ಧ ಬಾಟ್ಸನ್‌ಗಳು, ಹಿಡಿಯಕ್ಕಿಗಳು ಅಲ್ಲಿ ನೆಲವಾಗಿ ನಿಂತಿವೆ. ವರ್ಷದ ಲೆಕ್ಕಪತ್ರವನ್ನು ಸಭೆಯ ಮುಂದೆ ಓದುವುದು, ಕೇಳಿದ ಪ್ರಶ್ನೆಗೆ ಸಿಟ್ಟಾಗದೆ ಉತ್ತರಿಸುವುದು, ಸಂಬಳವನ್ನು ತಡಮಾಡದೆ ಕೊಡುವುದು, ಇವೂ ಆರಾಧನೆಯ ಭಾಗಗಳೆಂದೇ ನಾನು ನಂಬಿದ್ದೇನೆ. ಜನರು ಕೊಡುವುದಿಲ್ಲವೆಂದು ದೂರುವ ಸಭೆಗಳು ಮೊದಲು ತಮ್ಮ ಪುಸ್ತಕಗಳನ್ನು ತೆರೆದಿಡಲಿ.

ತಿಂಗಳ ಸಂಬಳದಲ್ಲಿ ಬದುಕುವವರು ಕೊಯ್ಲಿನ ಮೊದಲ ಪಾಲಾದ ಪ್ರಥಮ ಫಲವನ್ನು ಹೇಗೆ ತರಬೇಕು? ಅವರಿಗೆ ಕೊಯ್ಲಿಲ್ಲ. ಒಂದನೆಯ ತಾರೀಖಿಗೆ ಬ್ಯಾಂಕಿನಿಂದ ಸಂದೇಶ ಬರುತ್ತದೆ, ಐದನೆಯ ತಾರೀಖಿಗೆ ಮನೆಸಾಲದ ಕಂತು ಹೋಗುತ್ತದೆ. ಉಳಿದದ್ದರಲ್ಲಿ ಉಳಿದದ್ದು ದೇವರಿಗೆ. ಪೌಲನ ಸಲಹೆ ತೀರ ವ್ಯಾವಹಾರಿಕವಾಗಿದೆ: ವಾರದ ಮೊದಲ ದಿನ, ಪ್ರತಿಯೊಬ್ಬರೂ, ತಮ್ಮ ಸಂಪಾದನೆಗೆ ತಕ್ಕಂತೆ, ಬೇರೆಯಾಗಿ ತೆಗೆದಿಡಲಿ. ಭಾವಾವೇಶದಲ್ಲಿ ಜೇಬಿಗೆ ಕೈಹಾಕುವುದನ್ನು ಅವನು ನೆಚ್ಚಲಿಲ್ಲ. ಜಾನ್ ವೆಸ್ಲಿ ಇದನ್ನು ಬದುಕಿನಲ್ಲಿ ಮಾಡಿ ತೋರಿಸಿದವರು. ಆಕ್ಸ್‌ಫರ್ಡಿನಲ್ಲಿದ್ದಾಗ ವರ್ಷಕ್ಕೆ 30 ಪೌಂಡ್ ವರಮಾನದಲ್ಲಿ 28 ಪೌಂಡಿನಲ್ಲಿ ಬದುಕಿ 2 ಪೌಂಡ್ ಕೊಟ್ಟರು. ವರಮಾನ 60 ಆದಾಗಲೂ 28ರಲ್ಲೇ ಬದುಕಿ 32 ಕೊಟ್ಟರು. 90 ಆಯಿತು, 120 ಆಯಿತು, ಅವರ ಖರ್ಚು ಮಾತ್ರ ಅಲ್ಲೇ ನಿಂತಿತ್ತು. ಬೆಂಗಳೂರು, ಮೈಸೂರು ಸೀಮೆಯ ನಮ್ಮ ಎಷ್ಟೋ ಸಭೆಗಳು ವೆಸ್ಲಿಯ ಪರಂಪರೆಯವು. ಅವರ ಕೀರ್ತನೆಗಳನ್ನು ಉಳಿಸಿಕೊಂಡ ನಾವು ಅವರ ಈ ಲೆಕ್ಕವನ್ನು ಮರೆತಿದ್ದೇವೆ. ಸಂಬಳ ಏರಿದಂತೆ ಅಗತ್ಯಗಳೂ ಏರುತ್ತವೆಂಬುದು ನಾವು ಪ್ರಶ್ನಿಸದೆ ಒಪ್ಪಿಕೊಂಡ ನಿಯಮ. ಅದನ್ನು ಪ್ರಶ್ನಿಸಬಹುದೆಂದು ವೆಸ್ಲಿಯವರ 28 ಪೌಂಡು ತೋರಿಸುತ್ತದೆ.

ಕೊನೆಯದಾಗಿ ಸುಗ್ಗಿಯ ಬುಟ್ಟಿಯ ಬಳಿಗೆ ಬರುತ್ತೇನೆ. ನಮ್ಮ ಸಭೆಗಳಲ್ಲಿ ಸುಗ್ಗಿ ಹಬ್ಬದಂದು ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ರಾಗಿ, ಕೋಳಿಗಳು ವೇದಿಕೆಯ ಮುಂದೆ ಬರುತ್ತವೆ, ಆಮೇಲೆ ಹರಾಜಾಗುತ್ತವೆ. ಕರಾವಳಿಯ ಕೆಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಪರದೇಶದಲ್ಲಿರುವ ಮಕ್ಕಳಿಗೂ ಆ ಕಾಳು ಅಂಚೆಯಲ್ಲಿ ಹೋಗುತ್ತದೆ. ಈ ಎರಡೂ ಆಚರಣೆಗಳ ಬೇರು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ಮುಟ್ಟುತ್ತದೆ. ಅಲ್ಲಿ ಬುಟ್ಟಿ ತಂದ ರೈತ ತನ್ನ ಬೆಳೆಯ ವಿಷಯ ಹೇಳುವುದಿಲ್ಲ. ತನ್ನ ಮೂಲಪುರುಷ ಅಲೆದಾಡುತ್ತಿದ್ದ ಅರಾಮ್ಯ, ತನ್ನವರು ಐಗುಪ್ತದಲ್ಲಿ ದಾಸರು, ಈ ನೆಲ ಸಿಕ್ಕಿದ್ದು ಕೃಪೆಯಿಂದ ಎಂದು ಹೇಳುತ್ತಾನೆ. ಆಮೇಲೆ ಊರಿನ ಲೇವಿಯನನ್ನೂ ಪರದೇಶಿಯನ್ನೂ ಕೂಡಿಸಿಕೊಂಡು ಉಣ್ಣಬೇಕು. ತಾನೂ ಪರದೇಶಿಯಾಗಿದ್ದನೆಂದು ಈಗ ತಾನೇ ಬಾಯಿಬಿಟ್ಟು ಹೇಳಿದವನು ಪಂಕ್ತಿಯಲ್ಲಿ ಪರದೇಶಿಗೆ ಎಡೆ ಇಲ್ಲವೆನ್ನಲಾರ.

ಅದೇ ಅಧ್ಯಾಯದ ಮುಂದಿನ ಭಾಗ ಮೂರನೆಯ ವರುಷದ ದಶಮಾಂಶದ್ದು. ಅದನ್ನು ಕೊಟ್ಟು ಮುಗಿಸಿದ ಮನುಷ್ಯ ದೇವರ ಸನ್ನಿಧಿಯಲ್ಲಿ ನಿಂತು ಲೆಕ್ಕ ಒಪ್ಪಿಸಬೇಕು. ಪವಿತ್ರವಾದ ಪಾಲನ್ನು ಮನೆಯಿಂದ ಹೊರಗೆ ತೆಗೆದಿದ್ದೇನೆ, ಲೇವಿಯನಿಗೂ ಪರದೇಶಿಗೂ ತಂದೆಯಿಲ್ಲದವನಿಗೂ ವಿಧವೆಗೂ ಕೊಟ್ಟಿದ್ದೇನೆ, ಅದರಲ್ಲಿ ಏನನ್ನೂ ದುಃಖದ ದಿನಗಳಲ್ಲಿಯೂ ತಿಂದಿಲ್ಲ, ಮರೆತಿಲ್ಲ ಎನ್ನಬೇಕು. ಇಷ್ಟು ಹೇಳಿದ ಮೇಲೆ ಅವನು ಪರಲೋಕದ ಕಡೆಗೆ ನೋಡಿ ಆಶೀರ್ವಾದ ಬೇಡುತ್ತಾನೆ. ತನ್ನ ಹೊಲಕ್ಕಾಗಿ, ತನ್ನ ಮನೆಗಾಗಿ ಅವನು ಬೇಡುವುದಿಲ್ಲ. ಜನರೆಲ್ಲರನ್ನೂ, ಅವರಿಗೆ ಕೊಟ್ಟ ನೆಲವನ್ನೂ ಆಶೀರ್ವದಿಸೆಂದು ಬೇಡುತ್ತಾನೆ.